ಅಕ್ಕ ಕೇಳಿದ್ದು ಒಂದು ದಿನದ ಸೂಟಿ

ಕಳೆದ ವರ್ಷ ಯುಗಾದಿ ಮುಗಿದ ವಾರ ಅಕ್ಕ ಫೋನ್ ಮಾಡಿದಳು. "ತಮ್ಮಾ, ನನಗ ಒಂದ್ ದಿನ ಸೂಟಿ ಬೇಕಾಗೇತಿ. ನೀ ಬರ್ತಿಯೇನು?"

"ನೀ ಯಾವ ನೌಕರಿ ಮಾಡ್ತಿಯಕ್ಕಾ, ಸೂಟಿ ಕೇಳಾಕ?" ಎಂದು ನಾನು ನಕ್ಕೆ. ಆ ಕಡೆಯಿಂದ ನಗು ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಲ್ಲ ಕೀಳಸ್ಬೇಕು. ಎಂಟ್ ತಿಂಗಳಾತು" ಅಂದಳು.

ಎಂಟು ತಿಂಗಳು ಆಕೆ ದವಡೆಯಲ್ಲಿ ಲವಂಗ ಇಟ್ಟುಕೊಂಡು, ಕಿರಾಣಿ ಅಂಗಡಿಯ ನೋವಿನ ಗುಳಿಗೆ ನುಂಗಿಕೊಂಡು ಕಳೆದಿದ್ದಳು. ಆಕೆಯ ಊರಿನಿಂದ ಹಾವೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಪುಕ್ಕಟೆ. ಹಲ್ಲಿನ ಡಾಕ್ಟರೂ ಇದ್ದಾರೆ. ಆಕೆಗೆ ಇಲ್ಲದ್ದು ಒಂದೇ: ಮಗನನ್ನು ಬಿಟ್ಟು ಹೋಗಲಿಕ್ಕೆ ಒಬ್ಬರು ಮನುಷ್ಯರು.

ಅವನು ನನ್ನ ಅಳಿಯ. ಈಗ ಹದಿಮೂರು ವರ್ಷ. ಹುಟ್ಟಿದ ಕೂಡಲೇ ಅಳಲಿಲ್ಲ. ಎಂಟು ತಿಂಗಳಾದರೂ ಕುತ್ತಿಗೆ ನೆಟ್ಟಗೆ ನಿಲ್ಲಲಿಲ್ಲ, ನಡೆದದ್ದು ಮೂರು ದಾಟಿದ ಮೇಲೆ. ಮಾತು ಐದೇ ಐದು: ಅವ್ವ, ಬಾ, ಕೊಡು, ಬಸ್ಸು, ಮತ್ತು ಗಿರ್. ಗಿರ್ ಅಂದರೆ ಹಿಟ್ಟಿನ ಗಿರಣಿ. ಬೌದ್ಧಿಕ ವಿಕಲತೆ, ಜೊತೆಗೆ ಫಿಟ್ಸ್ ಎಂದು ಡಾಕ್ಟರರು ಚೀಟಿಯಲ್ಲಿ ಬರೆದಿದ್ದಾರೆ. ಊರಲ್ಲಿ ಬೇರೆ ಹೆಸರುಗಳಿವೆ, ಅವನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಕನನ್ನು ಕೊಟ್ಟಿದ್ದು ಅವ್ವನ ತಮ್ಮನಿಗೇ. ನಮ್ಮ ಕಡೆ ಇದು ಹೊಸದೇನಲ್ಲ. ಹಾಗಾಗಿ ಅಕ್ಕನ ಗಂಡ ನನಗೆ ಎರಡು ದಾರಿಯಿಂದಲೂ ಮಾವ, ಆಕೆಯ ಅತ್ತೆ ನಮ್ಮ ಸ್ವಂತ ಅಜ್ಜಿ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಮಕ್ಕಳಿಗೆ ಕೆಲವು ಹುಟ್ಟು ಕಾಯಿಲೆಗಳು ಬರುವ ಸಾಧ್ಯತೆ ಹೆಚ್ಚು ಎನ್ನುವುದು ಗೊತ್ತಿರುವ ವಿಷಯ. ಹುಟ್ಟುವಾಗ ಮೆದುಳಿಗೆ ಉಸಿರಿನ ಗಾಳಿ ಸಾಲದೆ ಹೋದರೂ ಹೀಗಾಗಬಹುದು. ನಮ್ಮ ಹುಡುಗನಲ್ಲಿ ಇಂಥದ್ದೇ ಕಾರಣ ಎಂದು ಯಾವ ಡಾಕ್ಟರೂ ಗಟ್ಟಿಯಾಗಿ ಹೇಳಿಲ್ಲ. ಆದರೆ ಅಜ್ಜಿಗೆ ಮೊದಲ ದಿನದಿಂದಲೇ ಗೊತ್ತಿತ್ತು. "ಗ್ರಹಣದಾಗ ಹೊರಗ ಬಂದಿದ್ಲು ಇಕಿ." ಮದುವೆ ಮಾತಾಡಿದ್ದು ಅಜ್ಜಿ, ಒಪ್ಪಿದ್ದು ನಮ್ಮಪ್ಪ, ಜಾತಕ ನೋಡಿದ್ದು ಊರ ಸ್ವಾಮಿಗಳು. ತಪ್ಪು ಮಾತ್ರ ಹತ್ತೊಂಬತ್ತು ವರ್ಷದ ಹುಡುಗಿಯದು.

ಮಾವ ಕೆಟ್ಟವನಲ್ಲ. ಹುಬ್ಬಳ್ಳಿಯಲ್ಲಿ ಹಮಾಲಿ ಮಾಡುತ್ತಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಬಂದ ದಿನ ಮಗನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಾನೆ. ಊರವರು, "ಎಂಥಾ ತಂದಿ ನೋಡ್ರಿ" ಅನ್ನುತ್ತಾರೆ. ಉಳಿದ ಹದಿನಾಲ್ಕು ದಿನ ಯಾರೂ ಏನೂ ಅನ್ನುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡಿದ್ದೆ ಎಂದು ಈಗ ಹೇಳಬೇಕು. ನಾಲ್ಕು ವರ್ಷದ ಹಿಂದೆ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ಪತ್ರಿಕೆಯವರು ಒಂದು ಮನ ಕಲಕುವ ಸ್ಟೋರಿ ಕೇಳಿದರು. ಪಕ್ಕದ ತಾಲೂಕಿನ ಒಂದು ಹಳ್ಳಿಗೆ ಹೋದೆ. ಸೆರೆಬ್ರಲ್ ಪಾಲ್ಸಿ ಇರುವ ಮಗಳನ್ನು ಸಾಕುತ್ತಿದ್ದ ತಾಯಿ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲು ಹೇಳಿ, "ಸ್ವಲ್ಪ ನಗ್ರಿ, ಮಗಳ ಮಾರಿ ನೋಡ್ರಿ" ಎಂದು ಫೋಟೋ ತೆಗೆದೆ. ಸಹನೆಯ ಮೂರ್ತಿ, ಬತ್ತದ ಮಮತೆ, ಎಂದೂ ಬೇಸರಿಸದ ತಾಯಿ ಅಂತೆಲ್ಲ ಬರೆದೆ. ನನ್ನ ಹೆಸರಿನ ಸಮೇತ ಬಂತು. ವಾಟ್ಸಾಪಿನಲ್ಲಿ ಬಹಳ ಮಂದಿ ಕೈ ಮುಗಿದರು.

ವರ್ಷವಾದ ಮೇಲೆ ಆಕೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನೇ ಹೋಗಿ ಮಾತಾಡಿಸಿದೆ. ಆಕೆ ಹೇಳಿದ್ದಿಷ್ಟು: "ನೀವು ಚಲೋ ಬರದಿದ್ರಿ ಸರ್. ಆದ್ರ ಆವತ್ತಿಂದ ನನಗ ಅಳಾಕೂ ಬರದಂಗಾತು ನೋಡ್ರಿ. ಸಾಕಾಗೇತಿ ಅಂದ್ರ ಸಂಘದಾಗಿನ ಹೆಣ್ಮಕ್ಕಳು, ಪೇಪರ್‌ನಾಗ ಬಂದಾಕಿ ನೀ, ನಿನಗೇನವ್ವಾ, ಗಟ್ಟಿ ಅದಿ ಅಂತಾರ." ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ಬಂತು, ಮಗಳನ್ನು ಎತ್ತಿಕೊಂಡು ಹತ್ತಿದರು. ಆಗ ಆ ಹುಡುಗಿಗೆ ಹತ್ತು ವರ್ಷ ಆಗಿರಬೇಕು. ಎತ್ತಿ ಹತ್ತಿಸುವಾಗ ಆಕೆಯ ಬೆನ್ನು ಬಾಗಿದ್ದನ್ನು ನೋಡಿದೆ, ಫೋಟೋದಲ್ಲಿ ಅದು ಬಂದಿರಲಿಲ್ಲ.

ಆದರೂ ಬುದ್ಧಿ ಬಂತೆಂದು ತಿಳಿಯಬೇಡಿ. ಅಕ್ಕ ಸೂಟಿ ಕೇಳಿದಾಗ ನಾನು ನಕ್ಕದ್ದು ಇದೆಲ್ಲ ಆದ ಮೇಲೆಯೇ.

ಹೋದೆ. ಅಕ್ಕ ಎಂಟೂಕಾಲಿನ ಬಸ್ಸಿಗೆ ಹೊರಟಳು. ಏಳನೇ ಇಯತ್ತೆಯವರೆಗೆ ಓದಿದ್ದಾಳೆ, ಅಕ್ಷರ ದುಂಡಗೆ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದಿಟ್ಟಿದ್ದಳು:

"ಔಷಧ ಕುಡಿಸೇನಿ. ಮತ್ತ ಕುಡಸಬ್ಯಾಡ. ರೊಟ್ಟಿ ಹಾಲಿನಾಗ ನೆನಸಿ ಕೊಡು, ಅಂಚು ತಗಿ. ಸ್ಟೀಲ್ ತಾಟಿನಾಗ, ಬ್ಯಾರೆದ್ರಾಗ ತಿನ್ನೂದಿಲ್ಲ. 10ಕ್ಕ ಬಚ್ಚಲಕ್ಕ ಕರಕೊಂಡು ಹೋಗು, ಅವ ಹೇಳೂದಿಲ್ಲ. ಕುಕ್ಕರ್ ಇಡಬ್ಯಾಡ, ಸೀಟಿಗೆ ಅಂಜತಾನ. ಬಾಗಲಾ ಮ್ಯಾಲಿನ ಚಿಲಕ ಹಾಕು. ಕೆಳಗಿಂದು ಅವಗ ತಗಿಯಾಕ ಬರ್ತೈತಿ."

ಹತ್ತರವರೆಗೆ ಎಲ್ಲ ಸರಿ ಇತ್ತು. ಅವನು ಮೆಕ್ಕೆಜೋಳ ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಕೂತಿದ್ದ. ಇಷ್ಟೇ ತಾನೇ ಅಂದುಕೊಂಡೆ. ಹತ್ತೂವರೆಗೆ ಡೆಸ್ಕಿನಿಂದ ಫೋನು, ಜಿಲ್ಲಾಧಿಕಾರಿಗಳ ಸಭೆಯ ಸುದ್ದಿ ಏನಾಯಿತು ಅಂತ. ಒಳಗೆ ಸಿಗ್ನಲ್ ಇಲ್ಲ, ಹಿತ್ತಲಿಗೆ ಹೋದೆ. ಮಾತಾಡಿದ್ದು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು. ಆಮೇಲೆ ಫೋನಿನಲ್ಲಿ ತೆಗೆದು ನೋಡಿದ್ದೇನೆ. ಒಳಗೆ ಬಂದರೆ ಬಾಟಲಿ ನೆಲದ ಮೇಲೆ ಬಿದ್ದಿದೆ, ಮುಂಬಾಗಿಲು ತೆರೆದಿದೆ. ನಾನು ಹಾಕಿದ್ದು ಕೆಳಗಿನ ಚಿಲಕ.

ಅಕ್ಕನ ಮನೆಯಿಂದ ಇನ್ನೂರು ಹೆಜ್ಜೆಗೆ ಒಬ್ಬರ ಹೊಲದಲ್ಲಿ ಕೃಷಿ ಹೊಂಡ ಇದೆ. ಬೇಲಿ ಇಲ್ಲ, ಕೆಳಗೆ ಪ್ಲಾಸ್ಟಿಕ್ ಹಾಸಿದ್ದಾರೆ, ಕಾಲಿಟ್ಟರೆ ಜಾರುತ್ತದೆ. ನಾನು ಮೊದಲು ಓಡಿದ್ದು ಅಲ್ಲಿಗೆ. ನೀರು ಅಲ್ಲಾಡುತ್ತಿರಲಿಲ್ಲ. ಅಲ್ಲಾಡದ ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸುತ್ತ ನಿಂತ ಆ ಗಳಿಗೆಯನ್ನು ನಾನು ಯಾರಿಗೂ ಬಯಸುವುದಿಲ್ಲ.

ಅವನು ಗಿರಣಿಯಲ್ಲಿದ್ದ. ಮೈಯೆಲ್ಲ ಹಿಟ್ಟು, ಬೆಲ್ಟು ತಿರುಗುವುದನ್ನು ನೋಡುತ್ತ ನಗುತ್ತಿದ್ದ. ಗಿರಣಿಯವನು, "ದಿನಾ ಬರ್ತಾನ್ರಿ, ಅವರವ್ವನ ಜೋಡಿ. ಇವತ್ತ ಒಬ್ಬನ ಬಂದಾನಲ್ಲ ಅಂತ ಹಿಡಕೊಂಡು ಕುಂದರಿಸೇನಿ" ಅಂದ. ಆ ಮನುಷ್ಯನಿಗೆ ನಾನು ಸಾಯುವತನಕ ಋಣಿ.

ಮನೆಗೆ ಕರೆದರೆ ಬರಲಿಲ್ಲ. ಎಳೆದೆ, ರಸ್ತೆಯ ಮೇಲೆ ಕೂತುಬಿಟ್ಟ. ಅಕ್ಕನ ಎತ್ತರಕ್ಕೆ ಬಂದಿದ್ದಾನೆ, ತೂಕ ಆಕೆಗಿಂತ ಹೆಚ್ಚು. ಅಲ್ಲೇ ಚಡ್ಡಿ ಒದ್ದೆ ಮಾಡಿಕೊಂಡ. ನಾಲ್ಕಾರು ಜನ ಸೇರಿದರು. "ಅವರವ್ವ ಎಲ್ಲಿಗೆ ಹೋಗ್ಯಾಳ?" ಎಂದು ಮೂರು ಜನ ಕೇಳಿದರು, ನಾನು ಲೆಕ್ಕ ಇಟ್ಟಿದ್ದೇನೆ. ಅಪ್ಪ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಫೋನಿನಲ್ಲಿ ವಿಡಿಯೋ ಹಾಕಿ ಕೊಟ್ಟೆ, ಎಸೆದ. ಚಡ್ಡಿ ಬದಲಿಸಲು ಹೋದರೆ ಕಚ್ಚಿದ. ಎರಡೂ ಇಪ್ಪತ್ತಕ್ಕೆ ನಾನು ಸೋತು ಅಕ್ಕನಿಗೆ ಫೋನ್ ಮಾಡಿದೆ.

ಆಕೆಯ ಚೀಟಿಯ ನಂಬರು ಮೂವತ್ತೊಂದು. ಆಗ ಇಪ್ಪತ್ತನಾಲ್ಕು ನಡೆಯುತ್ತಿತ್ತು. "ಬಂದೆ" ಅಂದಳು ಅಷ್ಟೇ.

ನಾಲ್ಕರ ಹೊತ್ತಿಗೆ ಬಂದಳು. ಮಗ ಆಕೆಯ ಸೆರಗಿನಲ್ಲಿ ಮುಖ ಒರೆಸಿಕೊಂಡ, ಐದು ನಿಮಿಷದಲ್ಲಿ ಸುಮ್ಮನಾದ. ಆಕೆ ನನ್ನನ್ನು ಬೈಯಲಿಲ್ಲ. "ಉಂಡಿಯೇನು?" ಅಂದಳು. ಉಂಡಿರಲಿಲ್ಲ. ಇಬ್ಬರಿಗೂ ಬಡಿಸಿಕೊಂಡಳು. ಎಡಗಡೆಯಿಂದಷ್ಟೇ ಅಗಿಯುತ್ತಿದ್ದಳು.

ಆ ಹಲ್ಲು ಕಿತ್ತಿದ್ದು ಜುಲೈಯಲ್ಲಿ. ನನ್ನಿಂದ ಅಲ್ಲ.

ನಮ್ಮ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ನಾವು ಬಿಆರ್‌ಸಿ ಅನ್ನುತ್ತೇವಲ್ಲ ಅಲ್ಲಿ, ವಾರಕ್ಕೊಂದು ದಿನ ಇಂಥ ಮಕ್ಕಳಿಗೆ ಫಿಜಿಯೋಥೆರಪಿ ನಡೆಯುತ್ತದೆ. ಒಳಗೆ ಮಕ್ಕಳ ಕೈಕಾಲು ಆಡಿಸುವಾಗ ಹೊರಗೆ ಕಟ್ಟೆಯ ಮೇಲೆ ತಾಯಂದಿರು ಕೂತಿರುತ್ತಾರೆ. ಫಿಜಿಯೋಥೆರಪಿಯಿಂದ ಮಕ್ಕಳಿಗೆ ಎಷ್ಟು ಗುಣವಾಯಿತೋ, ಆ ಕಟ್ಟೆಯಿಂದ ತಾಯಂದಿರಿಗೆ ಅಷ್ಟೇ ಆಗಿದೆ ಎಂದು ನನಗೆ ಅನ್ನಿಸುತ್ತದೆ. ಅಲ್ಲಿ ಯಾರೂ ಗ್ರಹಣದ ಮಾತು ತೆಗೆಯುವುದಿಲ್ಲ. ಅಲ್ಲಿ "ಸಾಕಾಗೇತಿ" ಅಂದರೆ "ಹೌದವಾ" ಅನ್ನುತ್ತಾರೆ.

ಅಕ್ಕನಿಗೆ ಅಲ್ಲಿ ಇಬ್ಬರು ಜೊತೆಯಾದರು. ಒಬ್ಬಾಕೆಯ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಇನ್ನೊಬ್ಬಾಕೆಯ ಆರು ವರ್ಷದ ಮಗನಿಗೆ ಆಟಿಸಂ. ಮೂವರ ಊರೂ ಒಂದೇ ಬಸ್ಸಿನ ದಾರಿಯಲ್ಲಿ. ಕಸ ತೆಗೆಯುವ ಹಂಗಾಮು ಶುರುವಾಗಿತ್ತು, ಆಳು ಸಿಗುವುದಿಲ್ಲ ಅಂತ ಮಾತು. ಆಗ ಅಕ್ಕ ಹೇಳಿದಳಂತೆ: "ಕಸಾ ತಗಿಯಾಕ ಮುಯ್ಯಾಳ ಹೋಗ್ತೀವಿ. ಹುಡುಗ್ರನ್ನ ನೋಡ್ಕೊಳ್ಳಾಕ ಯಾಕ ಹೋಗಬಾರದು?"

ಮುಯ್ಯಾಳು ಅಂದರೆ ನಿಮಗೆ ವಿವರಿಸಬೇಕಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಉಪಕಾರ ಅಲ್ಲ ಎನ್ನುವುದೇ ಮುಖ್ಯ. ಅಣ್ಣತಮ್ಮಂದಿರನ್ನು, ನೆರೆಯವರನ್ನು ಕೇಳಿದರೆ ಮುಖ ಸಣ್ಣದು ಮಾಡಿಕೊಂಡು ಕೇಳಬೇಕು, ಎರಡನೇ ಸಲ ಕೇಳಲು ನಾಲಿಗೆ ಏಳುವುದಿಲ್ಲ. ಮುಯ್ಯಾಳಿಗೆ ಹಕ್ಕಿನಿಂದ ಕರೆಯಬಹುದು.

ಒಂದೆರಡು ಕಟ್ಟುಪಾಡು ಮಾಡಿಕೊಂಡಿದ್ದಾರೆ. ಹೊಸ ಜಾಗಕ್ಕೆ ಒಯ್ದರೆ ಈ ಮಕ್ಕಳು ಗಾಬರಿಯಾಗುತ್ತಾರೆ, ಹಾಗಾಗಿ ಮಗುವನ್ನು ಕಳಿಸುವುದಿಲ್ಲ, ಮುಯ್ಯಾಳಿನಾಕೆಯೇ ತನ್ನ ಮಗುವಿನ ಜೊತೆ ಮನೆಗೆ ಬರುತ್ತಾಳೆ. ಮೊದಲ ಎರಡು ಸಲ ತಾಯಿಯೂ ಮನೆಯಲ್ಲಿರಬೇಕು, ಮಗುವಿಗೆ ಗುರುತು ಹತ್ತುವ ತನಕ. ಔಷಧದ ಚೀಟಿ ಗೋಡೆಗೆ ಅಂಟಿಸಿರಬೇಕು. ಮನೆ ಹೇಗಿದೆ, ಪಾತ್ರೆ ತೊಳೆದಿದೆಯೋ ಇಲ್ಲವೋ ನೋಡುವಂತಿಲ್ಲ. ಕೊನೆಯದು ನನಗೆ ಬಹಳ ಹಿಡಿಸಿತು: "ಎಲ್ಲಿಗೆ ಹೋಗಿದ್ದಿ ಅಂತ ಕೇಳಾಂಗಿಲ್ಲ."

ಇದು ಸಲೀಸಾಗಿ ನಡೆದಿದೆ ಎಂದಲ್ಲ. ಒಬ್ಬಾಕೆಯ ಗಂಡ, "ಮಂದಿ ಹುಡುಗರನ್ನ ಯಾಕ ನೋಡ್ತಿ, ನಮ್ಮದ ನಮಗ ಸಾಕಾಗೇತಿ" ಎಂದು ಎರಡು ತಿಂಗಳು ಬಿಡಿಸಿದ್ದ. ಆಟಿಸಂ ಇರುವ ಹುಡುಗನಿಗೂ ನಮ್ಮ ಹುಡುಗನ ಬಾಟಲಿ ಸಪ್ಪಳಕ್ಕೂ ಆಗಿಬರುವುದಿಲ್ಲ, ಒಬ್ಬನನ್ನು ಪಡಸಾಲೆಯಲ್ಲಿ, ಒಬ್ಬನನ್ನು ಅಡುಗೆಮನೆಯಲ್ಲಿ ಇಡಬೇಕು. ಒಮ್ಮೆ ಅಕ್ಕ ಇಲ್ಲದಾಗ ನಮ್ಮವನಿಗೆ ಫಿಟ್ಸ್ ಬಂತು. ಅಜ್ಜಿ ಕೈಗೆ ಕಬ್ಬಿಣದ ಕೀಲಿ ಕೊಡಲು ಓಡಿ ಬಂದರೆ ಆ ತಾಯಿ ತಡೆದರಂತೆ. ಹುಡುಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಸೀರೆ ಮಡಿಸಿಟ್ಟು, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡುತ್ತ ಕೂತರು. ಎರಡು ನಿಮಿಷಕ್ಕೆ ನಿಂತಿತು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಇದನ್ನು ಓದುವ ನಿಮ್ಮ ಮನೆಯಲ್ಲೂ ಫಿಟ್ಸ್ ಇರುವವರಿದ್ದರೆ ಇಷ್ಟು ನೆನಪಿಡಿ: ಕೀಲಿ ಬೇಡ, ಉಳ್ಳಾಗಡ್ಡಿ ಬೇಡ, ನೀರು ಹಾಕಬೇಡಿ, ಮಗ್ಗುಲಿಗೆ ಹೊರಳಿಸಿ. ಗುಣವಾಯಿತೆಂದು ನೀವೇ ಔಷಧ ಬಿಡಿಸಬೇಡಿ.

ಅಕ್ಕ ಈಗ ಗಟ್ಟಿಯಾಗಿದ್ದಾಳೆ ಎಂದು ಬರೆಯುವ ಆಸೆ ಬರುತ್ತದೆ. ಬರೆಯುವುದಿಲ್ಲ. ಎರಡು ವರ್ಷದಿಂದ ಆಕೆಗೆ ನಿದ್ದೆ ಬರುತ್ತಿರಲಿಲ್ಲ, ಮೈಕೈ ನೋವು, ಊರ ಡಾಕ್ಟರರ ಹತ್ತಿರ ತಾಕತ್ತಿನ ಇಂಜೆಕ್ಷನ್ ಮಾಡಿಸಿಕೊಂಡು ಬರುತ್ತಿದ್ದಳು. ಅದು ಮೈಯ ನೋವಲ್ಲ, ಮನಸ್ಸಿನ ಕಾಯಿಲೆ ಮೈಯಲ್ಲಿ ತೋರುತ್ತಿದೆ ಎಂದು ಮೊದಲು ಹೇಳಿದ್ದು ಕಟ್ಟೆಯ ಗೆಳತಿಯೇ, ಆಕೆಗೂ ಹಾಗೆ ಆಗಿತ್ತು. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರರು ಬರುತ್ತಾರೆ. ಅಲ್ಲಿ ತೋರಿಸಿ ಕೆಲವು ತಿಂಗಳಿಂದ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆ, ಈಗ ರಾತ್ರಿ ನಾಲ್ಕೈದು ತಾಸು ನಿದ್ದೆ ಇದೆ. ಮನೆ ಬಿಟ್ಟು ಹೋಗಲಾಗದವರು 14416ಕ್ಕೆ ಫೋನ್ ಮಾಡಿ ಮಾತಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಇಂಥದ್ದಕ್ಕೆ ಗುಳಿಗೆ ನುಂಗುವ ತಾಯಿ ಹುಚ್ಚಿಯಲ್ಲ. ಈ ವಾಕ್ಯವನ್ನು ಅಕ್ಕನೇ ಬರೆಸಿದ್ದು.

ಸರ್ಕಾರದ ಕಡೆಯಿಂದ ಏನಿದೆ ಎಂದು ಕೇಳುವವರಿಗೆ ಸ್ವಲ್ಪ ಹೇಳುತ್ತೇನೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವಿಕಲತೆ ಇದ್ದವು. 2016ರ ಕಾಯ್ದೆಯಲ್ಲಿ ಅವು ಇಪ್ಪತ್ತೊಂದಾದವು, ಆಟಿಸಂ ಸೇರಿಕೊಂಡಿತು. ಶೇಕಡ 40ಕ್ಕೆ ಕಡಿಮೆ ಇಲ್ಲದ ಪ್ರಮಾಣಪತ್ರ, ಯುಡಿಐಡಿ ಕಾರ್ಡು ಇದ್ದರೆ ಮಾಸಾಶನಕ್ಕೆ ಅರ್ಜಿ ಹಾಕಬಹುದು. ನಿಮ್ಮ ಪಂಚಾಯಿತಿಗೆ ಒಬ್ಬರು ವಿ.ಆರ್.ಡಬ್ಲ್ಯೂ, ತಾಲೂಕಿಗೆ ಒಬ್ಬರು ಎಂ.ಆರ್.ಡಬ್ಲ್ಯೂ ಇರುತ್ತಾರೆ, ಅವರೂ ಅಂಗವಿಕಲರೇ, ಕಡಿಮೆ ಗೌರವಧನದಲ್ಲಿ ದುಡಿಯುವವರು. ಮೊದಲು ಅವರನ್ನು ಹಿಡಿಯಿರಿ, ಏಜೆಂಟರನ್ನಲ್ಲ. ಶಾಲೆಗೆ ಹೋಗಲಾಗದ ಮಗುವಿಗೆ ಮನೆಗೇ ಬಂದು ಕಲಿಸುವ ಬಿಐಇಆರ್‌ಟಿ ಶಿಕ್ಷಕರು ಬಿಆರ್‌ಸಿಯಲ್ಲಿದ್ದಾರೆ. ಸಣ್ಣ ಕೂಸು ತಡವಾಗಿ ಕೂತರೆ, ಕರೆದರೆ ತಿರುಗದಿದ್ದರೆ, "ಅವರಪ್ಪನೂ ಹಂಗ ಇದ್ದ" ಎಂದು ಕಾಯಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ ತೋರಿಸಿ.

ಇಷ್ಟೆಲ್ಲ ಇದ್ದೂ ಒಂದು ದಿನದ ಸೂಟಿ ಕೊಡುವ ಯೋಜನೆ ನಮ್ಮ ಊರುಗಳಿಗೆ ಬಂದಿಲ್ಲ. ರಾಷ್ಟ್ರೀಯ ನ್ಯಾಸದ 'ಸಮರ್ಥ್' ಎಂಬ ಯೋಜನೆಯಲ್ಲಿ ಮಕ್ಕಳನ್ನು ಕೆಲವು ದಿನ ಇಟ್ಟು ನೋಡಿಕೊಳ್ಳುವ ಕೇಂದ್ರದ ಮಾತಿದೆ, ನಮ್ಮ ತಾಲೂಕಿನಲ್ಲಿ ಅಂಥದ್ದಿಲ್ಲ. 2016ರ ಕಾಯ್ದೆಯಲ್ಲೇ ಆರೈಕೆದಾರರ ಭತ್ಯೆ ಎಂಬ ಮಾತು ಬರುತ್ತದೆ. ನಮ್ಮ ರಾಜ್ಯದ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿಯೂ ಸೇರಿ ನಾಲ್ಕು ಕಾಯಿಲೆ ಇದ್ದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿ ಎಂದು ಹೇಳಿದರು. ಬೌದ್ಧಿಕ ವಿಕಲತೆ ಆ ನಾಲ್ಕರಲ್ಲಿ ಇರಲಿಲ್ಲ. ಅಕ್ಕನ ಕೈಗೆ ಸ್ವಂತಕ್ಕೆ ಅಂತ ಬರುವುದು ಗೃಹಲಕ್ಷ್ಮಿಯ 2000. ಮೊದಲು ಬ್ಯಾಡಗಿ ಮೆಣಸಿನಕಾಯಿಯನ್ನು ಮನೆಗೆ ತರಿಸಿಕೊಂಡು ತೊಟ್ಟು ಮುರಿದು ಕೊಡುತ್ತಿದ್ದಳು. ಹುಡುಗ ಒಮ್ಮೆ ಆ ರಾಶಿಯಲ್ಲಿ ಕೈಯಾಡಿಸಿ ಕಣ್ಣು ಉಜ್ಜಿಕೊಂಡ. ಅಂದಿಗೆ ಆ ಕೆಲಸ ಬಿಟ್ಟಳು.

ಇನ್ನು ಐದು ವರ್ಷಕ್ಕೆ ಅವನಿಗೆ ಹದಿನೆಂಟು. ಆಮೇಲೆ ಬ್ಯಾಂಕು, ಆಸ್ತಿಯ ವಿಚಾರಕ್ಕೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸಿಕೊಳ್ಳಬೇಕು, ಅದಕ್ಕೆ ಜಿಲ್ಲಾಧಿಕಾರಿಗಳ ಸಮಿತಿಗೆ ಅರ್ಜಿ. ಕಾಗದದ ಕೆಲಸ, ನಾನು ಓಡಾಡುತ್ತೇನೆ. ಆದರೆ ಅಕ್ಕ ರಾತ್ರಿ ಎದ್ದು ಕೂರುವುದು ಆ ಅರ್ಜಿಯ ಚಿಂತೆಗಲ್ಲ. "ನನ್ನ ಹಿಂದ ಇವಂಗ ಯಾರು ಅಂಚು ತಗದು ರೊಟ್ಟಿ ಕೊಡ್ತಾರ?" ಎಂದು ಒಮ್ಮೆ ಕೇಳಿದಳು. ನಾನು ಕೊಡ್ತೀನಕ್ಕಾ ಎನ್ನಲು ಬಾಯಿ ತೆರೆದೆ. ಚಿಲಕ ನೆನಪಾಗಿ ಸುಮ್ಮನಾದೆ.

ಹಲ್ಲು ಕೀಳಿಸಿದ ದಿನ ಸಂಜೆ ಫೋನ್ ಮಾಡಿದ್ದಳು. ಬಾಯಲ್ಲಿ ಹತ್ತಿ ಇತ್ತು, ಮಾತು ಅಸ್ಪಷ್ಟ. ನೋವಾಯಿತಾ ಎಂದು ಕೇಳಿದರೆ ಅದರ ಮಾತೇ ಎತ್ತಲಿಲ್ಲ. "ಬಸ್ಸಿನಾಗ ಕಿಟಕಿ ಕಡೆ ಕುಂತಿದ್ನೋ" ಅಂದಳು. ಮಗ ಜೊತೆಗಿದ್ದರೆ ಕಿಟಕಿ ಅವನದು.

ಈಗ ನಾನೂ ಪಾಳಿಯಲ್ಲಿದ್ದೇನೆ, ತಿಂಗಳ ಎರಡನೇ ಭಾನುವಾರ. ಸುಮ್ಮನೆ ಸೇರಿಸಿಕೊಳ್ಳಲಿಲ್ಲ. ಅವರ ಕಟ್ಟುಪಾಡಿನಂತೆ ಮೊದಲ ಎರಡು ಸಲ ಅಕ್ಕ ಮನೆಯಲ್ಲೇ ಇದ್ದು ನನ್ನನ್ನು ನೋಡಿದಳು. ಹತ್ತು ಗಂಟೆಗೆ ಬಚ್ಚಲಿಗೆ, ಆಮೇಲೆ ಗಿರಣಿಗೆ, ಗಿರಣಿಯಿಂದ ಎಳೆಯದೆ ಕರೆತರಬೇಕಾದರೆ ಬಸ್ಸಿನ ಹಾರ್ನ್ ಹಾಗೆ ಸದ್ದು ಮಾಡಬೇಕು. ಮೂವತ್ನಾಲ್ಕು ವರ್ಷದ ಪತ್ರಕರ್ತ ಊರ ನಡುವೆ ಪೋಂ ಪೋಂ ಅನ್ನುತ್ತ ಹೋಗುವುದನ್ನು ನೋಡಿ ಜನ ನಗುತ್ತಾರೆ. ಅಳಿಯ ಹಿಂದೆ ಬರುತ್ತಾನೆ. ಚಡ್ಡಿ ಬದಲಿಸುವಾಗ ಈಗಲೂ ಒಮ್ಮೊಮ್ಮೆ ಕಚ್ಚುತ್ತಾನೆ.

ಈ ಬರಹವನ್ನು ಹಾಕುವ ಮುಂಚೆ ಅಕ್ಕನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಆಕೆ ನಡುವೆ ಎಲ್ಲೂ ಮಾತಾಡಲಿಲ್ಲ. ಕೊನೆಗೆ, "ಮ್ಯಾಲಿನ ಚಿಲಕದ್ದು ಬರದಿಯಲ್ಲಾ?" ಅಂದಳು.

"ಬರದೇನಿ."

"ಹಂಗಾರ ಇರ್ಲಿ. ಈ ಭಾನುವಾರ ನಾ ಎಂಟೂಕಾಲಿನ ಬಸ್ಸಿಗೆ ಹೋಗ್ತೇನಿ. ಏಳಕ್ಕ ಬಾ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ.